ಎಂಎಲ್‌ಐಎಸ್‌ಸಿ ಪ್ರಾಜೆಕ್ಟ್‌ಗೆ ಯಾವ ವಿಷಯ ತಗೊಳ್ಳಲಿ? ಮಾಡಿದವರು ಹೇಳಿ

ವಿದ್ಯಾರ್ಥಿನಿ, ವಿಜಯಪುರ: ಎಂಎಲ್‌ಐಎಸ್‌ಸಿ, ಅಂದರೆ ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ, ಕೊನೆಯ ಸೆಮಿಸ್ಟರ್. ಸೀನಿಯರ್‌ಗಳೆಲ್ಲ ‘ಇ-ಸಂಪನ್ಮೂಲಗಳ ಅರಿವು ಮತ್ತು ಬಳಕೆ’ ಮಾಡಿದ್ದಾರೆ. ಈ ವರ್ಷ ಎಲ್ಲರ ಬಾಯಲ್ಲೂ ಎಐ. ನನಗೇನೂ ತೋಚುತ್ತಿಲ್ಲ.

ಕಾಲೇಜು ಲೈಬ್ರರಿಯನ್, ಬಾಗಲಕೋಟೆ: ಮೊದಲು ಶೋಧಗಂಗಾ (ದೇಶದ ಪಿಎಚ್‌ಡಿ ಥೀಸಿಸ್‌ಗಳ ಆನ್‌ಲೈನ್ ಭಂಡಾರ) ತೆರೆದು ನಮ್ಮ ವಿಷಯದ ಥೀಸಿಸ್‌ಗಳ ಹೆಸರು ಓದುತ್ತಾ ಹೋಗು ತಂಗಿ. ಬಳಕೆದಾರರ ಅಧ್ಯಯನ, ಇ-ಸಂಪನ್ಮೂಲ, ಬಿಬ್ಲಿಯೊಮೆಟ್ರಿಕ್ಸ್ (ಯಾರು, ಏನು, ಎಷ್ಟು ಬರೆದರು ಅನ್ನುವ ಲೆಕ್ಕದ ಅಧ್ಯಯನ), ಇವೇ ಮತ್ತೆ ಮತ್ತೆ ಬರುತ್ತವೆ. ಊರು, ಕಾಲೇಜು ಬೇರೆ, ಪ್ರಶ್ನಾವಳಿ ಅದೇ. ಎಐ ಬೇಡ ಅನ್ನುವುದಿಲ್ಲ. ಆದರೆ ‘ಎಐ ಬಗ್ಗೆ ವಿದ್ಯಾರ್ಥಿಗಳ ಅರಿವು’ ಅಂದರೆ ಹಳೇ ಪ್ರಶ್ನಾವಳಿಗೆ ಹೊಸ ಅಂಗಿ ತೊಡಿಸಿದ ಹಾಗೆ, ಅಲ್ವಾ?

ಪಿಎಚ್‌ಡಿ ಮಾಡುತ್ತಿರುವವಳು, ಬೆಳಗಾವಿ: ಗೂಗಲ್ ಫಾರ್ಮ್ ನಂಬಿ ಕೂರಬೇಡಿ. ತುಂಬುವವರೇ ಕಡಿಮೆ, ತುಂಬಿದವರೂ ಎಲ್ಲಕ್ಕೂ ‘ಒಪ್ಪುತ್ತೇನೆ’ ಒತ್ತಿರುತ್ತಾರೆ. ಹಳ್ಳಿ ಗ್ರಂಥಾಲಯ ನೋಡಬಹುದಲ್ಲ? 2019ರಲ್ಲಿ ಅವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. ಈಗ ಅರಿವು ಕೇಂದ್ರ ಅಂತಾರೆ. ಆಮೇಲೆ ಏನು ಬದಲಾಯಿತು ಅಂತ ಒಂದು ತಾಲ್ಲೂಕು ಹಿಡಿದು ನೋಡಿದರೂ ಸಾಕು. ಕೈಯಲ್ಲಿ ಅನುಮತಿ ಪತ್ರ ಇರಲಿ, ಇಲ್ಲದಿದ್ದರೆ ರಿಜಿಸ್ಟರ್ ತೋರಿಸುವುದಿಲ್ಲ.

ನಿವೃತ್ತ ಗ್ರಂಥಪಾಲಕ, ವಿಜಯಪುರ: ವಿಷಯ ಊರಲ್ಲೇ ಇದೆಯಮ್ಮ. ಬಿಬ್ಲಿಯೊಮೆಟ್ರಿಕ್ಸ್ ಅಂದರೆ ಈಗ ಸ್ಕೋಪಸ್ ಅನ್ನುವ ಸಂಶೋಧನಾ ಲೇಖನಗಳ ಡೇಟಾಬೇಸ್‌ನಿಂದ ಡೇಟಾ ಇಳಿಸಿ, ನಕ್ಷೆ ಬಿಡಿಸುವ ವಿಒಎಸ್‌ವ್ಯೂವರ್ ಸಾಫ್ಟ್‌ವೇರ್‌ಗೆ ಹಾಕುತ್ತಾರೆ. ಬಣ್ಣದ ನಕ್ಷೆ ಬರುತ್ತದೆ, ವೈವಾದಲ್ಲಿ ಎಲ್ಲರಿಗೂ ಖುಷಿ. ಹಳೇ ಕನ್ನಡ ಪತ್ರಿಕೆ ಅಲ್ಲಿ ಎಲ್ಲಿಂದ ಸಿಗಬೇಕು? ನಮ್ಮ ವಿಜಯಪುರದ ವಚನ ಸಂಶೋಧಕ ಫ.ಗು. ಹಳಕಟ್ಟಿಯವರು 1926ರಲ್ಲಿ ಶುರು ಮಾಡಿದ ‘ಶಿವಾನುಭವ’ ಪತ್ರಿಕೆ ತಗೊಳ್ಳಿ. ಲೇಖನ, ಲೇಖಕ, ವಿಷಯ, ವರ್ಷ ಎಲ್ಲವನ್ನೂ ಎಕ್ಸೆಲ್‌ನಲ್ಲಿ ಕೂತು ತುಂಬಬೇಕು. ಬೇಜಾರಿನ ಕೆಲಸ, ಆದರೆ ಆ ಪಟ್ಟಿ ನಿಮ್ಮ ನಂತರದವರಿಗೂ ಬೇಕಾಗುತ್ತದೆ. ಹೆಸರಿನ ಮೇಲೆ ಮಾತ್ರ ಕಣ್ಣಿಡಿ. ‘ಫ.ಗು. ಹಳಕಟ್ಟಿ’, ‘ಹಳಕಟ್ಟಿ ಫ.ಗು.’ ಅಂತ ಎರಡು ಥರ ಟೈಪ್ ಮಾಡಿದರೆ ಎಕ್ಸೆಲ್ ಲೆಕ್ಕದಲ್ಲಿ ಅವರು ಇಬ್ಬರು. ಚುಕ್ಕೆ ಪಕ್ಕ ಒಂದು ಸ್ಪೇಸ್ ಜಾಸ್ತಿ ಬಿದ್ದರೆ ಮೂರನೆಯವರು ಹುಟ್ಟುತ್ತಾರೆ! ಲೇಖಕರ ಕೋಷ್ಟಕವೇ ಕೆಟ್ಟು ಹೋಗುತ್ತದೆ. ಮೊದಲೇ ಒಂದು ರೂಪ ಗೊತ್ತು ಮಾಡಿಕೊಂಡು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಕಾಲೇಜು ಲೈಬ್ರರಿಯನ್, ಬಾಗಲಕೋಟೆ: ಸರ್ ಹೇಳಿದ್ದು ನನಗೂ ಹಿಡಿಸಿತು. ಆದರೆ ತಂಗಿ, ಸಿನಾಪ್ಸಿಸ್ (ಪ್ರಾಜೆಕ್ಟ್‌ನ ರೂಪುರೇಷೆ) ಕೊಡುವ ಮುಂಚೆ ಹಳಕಟ್ಟಿ ಸಂಶೋಧನ ಕೇಂದ್ರದಲ್ಲಿ ವಿಚಾರಿಸು. ಎಷ್ಟು ಸಂಚಿಕೆ ಕೈಗೆ ಸಿಗುತ್ತವೋ ಅಷ್ಟೇ ವರ್ಷಗಳನ್ನು ಶೀರ್ಷಿಕೆಯಲ್ಲಿ ಹಾಕು.