ಲ್ಯಾಬಿಗೆ ರೂಲ್ಸ್ ಬರೀಬೇಕು, ನಿಮ್ಮ ಕಾಲೇಜಲ್ಲಿ ಹೇಗಿದೆ ಹೇಳಿ

ಬಿಸಿಎ ಮೇಡಂ, ತಿಪಟೂರು ಕಡೆ: ನಮ್ಮ ಲ್ಯಾಬಲ್ಲಿ 32 ಸಿಸ್ಟಂ ಇವೆ. ಗೋಡೆಗೆ ಹಾಕಲು ಒಂದು ಪುಟದ ನಿಯಮ ಸೋಮವಾರದೊಳಗೆ ಬೇಕು ಅಂತ ಪ್ರಿನ್ಸಿಪಾಲರು ಹೇಳಿದ್ದಾರೆ. ಎರಡೇ ಪ್ರಶ್ನೆ. ಪೆನ್‌ಡ್ರೈವ್ ಬಿಡಬೇಕಾ, ಬೇಡವಾ? ಎಲ್ಲರಿಗೂ ಒಂದೇ ಪಾಸ್‌ವರ್ಡ್ ಸಾಕಾ?

ಹಳೇ ಲ್ಯಾಬ್ ಅಸಿಸ್ಟೆಂಟ್: ಹದಿನಾಲ್ಕು ವರ್ಷ ಲ್ಯಾಬಿನ ಬೀಗದಕೈ ನನ್ನ ಸೊಂಟದಲ್ಲಿತ್ತು ಮೇಡಂ. 2016ರಲ್ಲಿ ಪ್ರಾಕ್ಟಿಕಲ್ ಪರೀಕ್ಷೆಗೆ ನಾಲ್ಕು ದಿನ ಇದ್ದಾಗ ಪೆನ್‌ಡ್ರೈವಿಂದ ಶಾರ್ಟ್‌ಕಟ್ ವೈರಸ್ ಬಂತು. ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕೂತವು. ನಿಜವಾದವು ಒಳಗೇ ಅಡಗಿರುತ್ತವೆ, ಅಟ್ರಿಬ್ ಕಮಾಂಡ್ ಹೊಡೆದರೆ ಹೊರಗೆ ಬರುತ್ತವೆ. ಅದು ಯಾರಿಗೂ ಗೊತ್ತಿರಲಿಲ್ಲ, ಫಾರ್ಮ್ಯಾಟ್ ಮಾಡಿಸಿದರು. 26 ಸಿಸ್ಟಂ, ಒಂದಕ್ಕೆ 350 ರೂಪಾಯಿ, ಒಟ್ಟು 9,100. ಮೂರು ರಾತ್ರಿಯ ಟೀ, ಆಟೋ 640 ರೂಪಾಯಿ ನನ್ನ ಜೇಬಿನದು. ಬಿಲ್ ಕೊಟ್ಟೆ, ಇವತ್ತಿಗೂ ಪಾಸಾಗಿಲ್ಲ. ಆಮೇಲೆ ಮುಂದಿನ ಯುಎಸ್‌ಬಿ ಪೋರ್ಟುಗಳಿಗೆಲ್ಲ ಎಂ-ಸೀಲ್ ಮೆತ್ತಿದೆ. ಕಥೆ ಮುಗೀತು.

ಹಳೇ ವಿದ್ಯಾರ್ಥಿ: ಎಲ್ಲಿ ಮುಗೀತು ಸಾರ್? ನಾವು ಹಿಂದಿನ ಪೋರ್ಟಲ್ಲಿದ್ದ ಮೌಸ್ ಕಿತ್ತು ಪೆನ್‌ಡ್ರೈವ್ ಹಾಕ್ತಿದ್ದೆವು. ನನ್ನ ಗೋಳು ಕೇಳಿ. ನಮ್ಮಲ್ಲೂ ಎಲ್ಲರಿಗೂ ಒಂದೇ ಲಾಗಿನ್ ಇತ್ತು. ಯಾರೋ 17ನೇ ಸಿಸ್ಟಂನಲ್ಲಿ ಟೊರೆಂಟ್ ಹಾಕಿ ಸಿನಿಮಾ ಇಳಿಸಿದರು. ರಿಜಿಸ್ಟರಿನಲ್ಲಿ ಆ ಹೊತ್ತಿಗೆ ನನ್ನ ಸಹಿ ಇತ್ತು. ನಾನು ಅವತ್ತು ಊರಲ್ಲೇ ಇರಲಿಲ್ಲ, ಸಹಿ ಗೆಳೆಯ ಹಾಕಿದ್ದು! 500 ರೂಪಾಯಿ ದಂಡ, ಎರಡು ತಿಂಗಳು ಲ್ಯಾಬ್ ಬಂದ್. ಪ್ರಾಜೆಕ್ಟನ್ನು ಸೈಬರ್ ಸೆಂಟರಲ್ಲಿ ಕೂತು ಗಂಟೆಗೆ 20 ರೂಪಾಯಿ ಕೊಟ್ಟು ಮಾಡಿದೆ. 71 ಗಂಟೆ. ಲೆಕ್ಕದ ಚೀಟಿ ಈಗಲೂ ಇದೆ.

ಹಳೇ ಲ್ಯಾಬ್ ಅಸಿಸ್ಟೆಂಟ್: ಅಟೆಂಡೆನ್ಸಿಗೆ ಗೆಳೆಯನ ಕೈಲಿ ಸಹಿ ಹಾಕಿಸಿದ್ದು ನೀವು. ದಂಡ ಸರಿಯಾಗೇ ಬಿದ್ದಿದೆ.

ಸಿಸ್ಟಂ ಅಡ್ಮಿನ್, ಹುಬ್ಬಳ್ಳಿ: ಜಗಳ ಆಮೇಲೆ ಆಡಿ. ನಮ್ಮಲ್ಲಿ ಒಬ್ಬ ಒಂದೇ ರಾತ್ರಿ ಸ್ಕ್ರಿಪ್ಟ್ ಬರೆದು ಸಾವಿರಾರು ಜರ್ನಲ್ ಪೇಪರ್ ಇಳಿಸಿದ. ಪ್ರಕಾಶಕರು ಇಡೀ ಕ್ಯಾಂಪಸ್ಸಿನ ಐಪಿ, ಅಂದರೆ ಇಂಟರ್ನೆಟ್ ವಿಳಾಸವನ್ನೇ ಬ್ಲಾಕ್ ಮಾಡಿದರು. 11 ದಿನ. ಪಿಎಚ್‌ಡಿಯವರ ಬೈಗುಳ ಪೂರ್ತಿ ನನಗೆ. ಅವತ್ತಿಂದ ಒಬ್ಬರಿಗೆ ಒಂದು ಲಾಗಿನ್. ಬೇರೆಯವರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ ಐಟಿ ಕಾಯ್ದೆಯ 66ಸಿ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಲಾಗ್‌ಗಳನ್ನು (ಸಿಸ್ಟಂನಲ್ಲಿ ಯಾವಾಗ ಏನಾಯ್ತು ಅನ್ನೋ ದಾಖಲೆ) 180 ದಿನ ಇಡಬೇಕು ಎಂದು ಹೇಳಿತು. ಕಾಲೇಜಿಗೆ ಅದು ಅನ್ವಯ ಆಗುತ್ತಾ ಅಂತ ನಮ್ಮಲ್ಲಿ ಎರಡು ಮೀಟಿಂಗ್ ಆಯ್ತು. ನಾನು ಸುಮ್ನೆ ಇಟ್ಟುಬಿಟ್ಟೆ. ಡಿಸ್ಕಿನ ದುಡ್ಡಿಗೆ ಮೂರನೇ ಮೀಟಿಂಗ್.

ಲಿನಕ್ಸ್ ಮೇಷ್ಟ್ರು: 2020ರ ಜನವರಿಯಲ್ಲಿ ವಿಂಡೋಸ್ 7ಕ್ಕೆ ಸಪೋರ್ಟ್ ನಿಂತಿತು. ನಾನು ಒಂದೇ ಭಾನುವಾರ 40 ಸಿಸ್ಟಂಗೂ ವಿಂಡೋಸ್ ಬದಲು ಉಬುಂಟು ಅನ್ನೋ ಉಚಿತ ಲಿನಕ್ಸ್ ಹಾಕಿದೆ. ಖರ್ಚು ಸೊನ್ನೆ. ಕದ್ದ ವಿಂಡೋಸ್ ಇಟ್ಟುಕೊಂಡು ಮಕ್ಕಳಿಗೆ ನಿಯಮ ಹೇಳೋದು ಯಾವ ನ್ಯಾಯ?

ಕನ್ನಡ ಮೇಷ್ಟ್ರು: ಖರ್ಚು ಸೊನ್ನೆಯಾ? ನಮ್ಮ ಕಾಲೇಜಲ್ಲೂ ನಿಮ್ಮಂಥ ಉತ್ಸಾಹಿ ಒಬ್ಬರಿದ್ದರು. ಆರು ವರ್ಷದ ಪ್ರಶ್ನೆಪತ್ರಿಕೆಗಳು ಕನ್ನಡ ಟೈಪಿಂಗಿನ ಹಳೇ ‘ನುಡಿ’ ಸಾಫ್ಟ್‌ವೇರಿನಲ್ಲಿದ್ದವು. ಲಿನಕ್ಸಲ್ಲಿ ತೆಗೆದರೆ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು. ಮತ್ತೆ ಟೈಪ್ ಮಾಡಿಸಲು ಪುಟಕ್ಕೆ 25 ರೂಪಾಯಿ ಕೊಟ್ಟೆ.

ಲಿನಕ್ಸ್ ಮೇಷ್ಟ್ರು: ಅದು ಲಿನಕ್ಸಿನ ತಪ್ಪಲ್ಲ. ಎಲ್ಲ ಸಿಸ್ಟಂನಲ್ಲೂ ಕನ್ನಡವಾಗೇ ಕಾಣುವ ಯೂನಿಕೋಡಿನಲ್ಲಿ ಮೊದಲೇ ಟೈಪ್ ಮಾಡಬೇಕಿತ್ತು. ಕನ್ವರ್ಟರ್ ಕೂಡ ಇದೆ.

ಕನ್ನಡ ಮೇಷ್ಟ್ರು: ಕನ್ವರ್ಟರಲ್ಲಿ ಹಾಕಿದರೆ ಅರ್ಕಾವೊತ್ತು ಎಲ್ಲೋ ಹೋಗಿ ಕೂರುತ್ತದೆ. ತಿದ್ದಲು ನೀವು ಬರ್ತೀರಾ?

ಹಳೇ ವಿದ್ಯಾರ್ಥಿ: ನನ್ನ 500 ರೂಪಾಯಿ ವಿಷಯ ಎಲ್ಲರೂ ಮರೆತಿರಿ ಅಲ್ವಾ?

ಬಿಸಿಎ ಮೇಡಂ: ನನ್ನ ಎರಡು ಪ್ರಶ್ನೆಯೂ ಹಾಗೇ ಇವೆ. ಈಗ ಪ್ರಿನ್ಸಿಪಾಲರು ಫೋನ್ ಮಾಡಿದ್ದರು. ನಿಯಮ ದೊಡ್ಡ ಬೋರ್ಡಲ್ಲೇ ಬೇಕಂತೆ. ಪ್ರಿಂಟಿಂಗ್ ಅಂಗಡಿಯವರು ನುಡಿ ಫೈಲ್ ಕೊಡಿ ಅಂತಿದ್ದಾರೆ, ಪೆನ್‌ಡ್ರೈವಲ್ಲಿ.

ಹಳೇ ಲ್ಯಾಬ್ ಅಸಿಸ್ಟೆಂಟ್: ತಂದ ಮೇಲೆ ಸ್ಕ್ಯಾನ್ ಮಾಡಿ ಮೇಡಂ. ಅಂಗಡಿಯವರದ್ದೇ ಜಾಸ್ತಿ ಅಪಾಯ.