ಇಂಟರ್ನಲ್ಸ್‌ನಲ್ಲಿ ಟೀಮ್‌ವರ್ಕ್‌ಗೆ ಮಾರ್ಕ್ಸ್ ಹಾಕೋದು ಹೇಗೆ? ಹೈಸ್ಕೂಲ್ ಟೀಚರ್ಸ್ ಯಾರಾದ್ರೂ ಹೇಳಿ

ಚಾಕ್‌ಪೀಸ್ ಮೇಡಂ

ನಮಸ್ಕಾರ ಎಲ್ರಿಗೂ. ಬೆಂಗಳೂರಲ್ಲೇ ಒಂದು ಅನುದಾನಿತ ಹೈಸ್ಕೂಲಲ್ಲಿ ಹತ್ತನೇ ಕ್ಲಾಸಿಗೆ ಸೈನ್ಸ್ ತಗೋತೀನಿ. ನಮ್ಮ ಮ್ಯಾನೇಜ್‌ಮೆಂಟ್‌ನೋರು ಯಾವ್ದೋ ಸೆಮಿನಾರಿಗೆ ಹೋಗಿ ಬಂದಿದ್ದಾರೆ, ಬಂದಾಗಿಂದ ಲೈಫ್ ಸ್ಕಿಲ್ಸ್ ಲೈಫ್ ಸ್ಕಿಲ್ಸ್ ಅಂತ ಒಂದೇ ಜಪ. ಕಮ್ಯುನಿಕೇಶನ್, ಟೀಮ್‌ವರ್ಕ್, ಪ್ರಾಬ್ಲಂ ಸಾಲ್ವಿಂಗ್, ಹೀಗೆ ಆರು ಕಾಲಂ ಇರೋ ಒಂದು ಶೀಟ್ ಕೊಟ್ಟು ಪ್ರತಿ ಮಗೂಗೂ ಐದಕ್ಕೆ ಇಷ್ಟು ಅಂತ ಹಾಕಿ ಅಂದಿದ್ದಾರೆ. 52 ಮಕ್ಕಳು, ಆರು ಕಾಲಂ, 312 ಮನೆ ತುಂಬಬೇಕು. ನಿಜ ಹೇಳ್ತೀನಿ, ಸ್ಟಾಫ್ ರೂಮಲ್ಲಿ ಕೂತು ಮುಖ ನೆನಪು ಮಾಡ್ಕೊಂಡು 4, 4, 3, 4 ಅಂತ ಹಾಕ್ಬಿಟ್ಟೆ.

ಈಗಿರೋ ಇಂಟರ್ನಲ್ಸೇ ಹೆಂಗಿದೆ ಅಂತ ಗೊತ್ತಲ್ಲ. ಎಸ್ಸೆಸ್ಸೆಲ್ಸಿಲಿ ಪರೀಕ್ಷೆಗೆ 80, ಇಂಟರ್ನಲ್ಸ್‌ಗೆ 20, ವರ್ಷದಲ್ಲಿ ನಾಲ್ಕು ಎಫ್‌ಎ (ಫಾರ್ಮೇಟಿವ್ ಅಸೆಸ್‌ಮೆಂಟ್) ಮಾಡಿ ಕೊನೆಗೆ 20ಕ್ಕೆ ಇಳಿಸ್ತೀವಿ. ಅದಕ್ಕೆ ಬರೋ ಪ್ರಾಜೆಕ್ಟ್ ಎಲ್ಲಾ ಅಪ್ಪ ಅಮ್ಮ ಮಾಡಿದ್ದು, ಇಲ್ಲಾ ಅಂಗಡೀಲಿ ದುಡ್ಡು ಕೊಟ್ಟು ತಂದ ಥರ್ಮಾಕೋಲ್ ಮಾಡೆಲ್. ಈ ಸ್ಕಿಲ್ಸ್ ಅನ್ನೋದು ಮಾರ್ಕ್ಸ್ ಕಾರ್ಡಲ್ಲಿ ಅರ್ಥ ಇರೋ ಹಾಗೆ ಬರೋದಕ್ಕೆ ಸಾಧ್ಯನಾ, ಬೇರೆ ಕಡೆ ಹೆಂಗ್ ಮಾಡ್ತಾರೆ?

ಪಾಲಿಸಿ ಪುಟ್ಟಣ್ಣ

ಮೇಡಂ, ಇದು ನಮ್ಮೊಬ್ಬರ ತಲೆನೋವಲ್ಲ. ಇಂಗ್ಲೆಂಡಲ್ಲಿ 16ರಿಂದ 19 ವಯಸ್ಸಿನೋರ ಸರ್ಟಿಫಿಕೇಟ್‌ಗಳ ಬಗ್ಗೆ 1996ರಲ್ಲಿ ಡಿಯರಿಂಗ್ ವರದಿ ಬಂದ್ಮೇಲೆ 2000ದಲ್ಲಿ ಕೀ ಸ್ಕಿಲ್ಸ್ ಅಂತ ಬೇರೆ ಸರ್ಟಿಫಿಕೇಟೇ ತಂದ್ರು. ಅದ್ರಲ್ಲಿ ಇತರರ ಜೊತೆ ಕೆಲಸ ಮಾಡೋದು ಅನ್ನೋದಕ್ಕೆ ಫೈಲ್ ತುಂಬಾ ಪುರಾವೆ ಜೋಡಿಸಬೇಕಿತ್ತು. ನಮ್ಮ ರೆಕಾರ್ಡ್ ಬುಕ್ ಕಥೇನೇ ಅಂದ್ಕೊಳಿ. ಆಮೇಲೆ ನಿಲ್ಲಿಸಿದ್ರು.

ಸ್ಕಾಟ್ಲೆಂಡ್‌ನೋರು ಬೇರೆ ದಾರಿ ಹಿಡಿದ್ರು. ಅವ್ರದ್ದು ಐದು ಕೋರ್ ಸ್ಕಿಲ್ಸ್: ಕಮ್ಯುನಿಕೇಶನ್, ಲೆಕ್ಕ, ಕಂಪ್ಯೂಟರ್, ಪ್ರಾಬ್ಲಂ ಸಾಲ್ವಿಂಗ್, ಇತರರ ಜೊತೆ ಕೆಲಸ. ಕೆಲವು ಸಬ್ಜೆಕ್ಟ್ ಯೂನಿಟ್‌ಗಳ ಒಳಗೇ ಇದನ್ನ ಸೇರಿಸಿರ್ತಾರೆ, ಆ ಯೂನಿಟ್ ಪಾಸಾದ್ರೆ ಸ್ಕಿಲ್ ತಾನಾಗೇ ಸರ್ಟಿಫಿಕೇಟಿಗೆ ಬೀಳುತ್ತೆ, ಟೀಚರ್ ಅದಕ್ಕೆ ಬೇರೆ ಮಾರ್ಕ್ಸ್ ಹಾಕ್ಬೇಕಾಗಿಲ್ಲ. ನ್ಯೂಜಿಲೆಂಡಲ್ಲಿ 2007ರ ಪಠ್ಯಕ್ರಮದಲ್ಲಿ ಐದು ಕೀ ಕಾಂಪಿಟೆನ್ಸಿ, ಅಂದ್ರೆ ಇಂಥದ್ದೇ ಮುಖ್ಯ ಸಾಮರ್ಥ್ಯಗಳು, ಇಟ್ಟಿದ್ರು. ಓದು, ಬರಹ, ಲೆಕ್ಕ ಮಾತ್ರ ಈಚೆಗೆ ಎನ್‌ಸಿಇಎ ಅನ್ನೋ ಅವ್ರ ಹೈಸ್ಕೂಲ್ ಸರ್ಟಿಫಿಕೇಟಿಗೆ ಬೇರೆ ಪರೀಕ್ಷೆ ಮಾಡಿದ್ದಾರೆ, ಅದನ್ನ ಅಳೀಬಹುದು ನೋಡಿ. ಮಿಕ್ಕಿದ್ದು ಪಾಠದ ಒಳಗೇ ಬರ್ಲಿ ಅಂತ ಬಿಟ್ಟಿದ್ದಾರೆ.

ನಮ್ಮ ಸಿಬಿಎಸ್‌ಇ ಸ್ಕಿಲ್ ಸಬ್ಜೆಕ್ಟ್‌ಗಳಲ್ಲಿ ಎಂಪ್ಲಾಯಬಿಲಿಟಿ ಸ್ಕಿಲ್ಸ್ ಅಂತ 10 ಮಾರ್ಕ್ಸಿನ ಭಾಗ ಇದೆ. ನನ್ನ ತಂಗಿ ಮಗ ಹಿಂದಿನ ರಾತ್ರಿ ಸ್ಟ್ರೆಸ್ ಮ್ಯಾನೇಜ್‌ಮೆಂಟ್‌ನ ಉಪಯೋಗಗಳನ್ನ ಬಾಯಿಪಾಠ ಮಾಡ್ತಾ ಸ್ಟ್ರೆಸ್ ಮಾಡ್ಕೊಂಡು ಅಳ್ತಾ ಕೂತಿದ್ದ.

ಪೀಣ್ಯ ಸೆಕೆಂಡ್ ಸ್ಟೇಜ್

ನಂದು ಸಣ್ಣ ಮೆಷಿನ್ ಶಾಪ್, ಹುಡುಗ್ರನ್ನ ತಗೊಳೋವಾಗ ಮಾರ್ಕ್ಸ್ ಕಾರ್ಡ್ ನೋಡೋದು ಡೇಟ್ ಆಫ್ ಬರ್ತ್‌ಗೆ ಅಷ್ಟೇ. ಕಮ್ಯುನಿಕೇಶನ್ ಅಂದ್ರೆ ಎಲ್ರೂ ಇಂಗ್ಲಿಷಲ್ಲಿ ಸ್ಟೇಜ್ ಮೇಲೆ ಮಾತಾಡೋದು ಅಂದ್ಕೊಂಡಿದ್ದಾರೆ, ನಂಗೆ ಬೇಕಾಗಿರೋದು ನೈಟ್ ಶಿಫ್ಟ್‌ನೋನು ಹೋಗೋವಾಗ ಮೆಷಿನ್ ಆಫ್‌ಸೆಟ್ (ಟೂಲ್ ಅಳತೆ ಸೆಟ್ಟಿಂಗ್) ಚೇಂಜ್ ಮಾಡಿದ್ದೀನಿ ಅಂತ ಬುಕ್ಕಲ್ಲಿ ಕನ್ನಡದಲ್ಲೇ ಒಂದು ಲೈನ್ ಬರೆಯೋದು. ಒಂದ್ಸಲ ಬರೀಲಿಲ್ಲ, ಬೆಳಿಗ್ಗೆ ಬಂದೋನು ಕೇಳ್ಲೂ ಇಲ್ಲ, 40 ಪೀಸ್ ಸ್ಕ್ರ್ಯಾಪ್. ಇಬ್ರೂ ಡಿಪ್ಲೊಮಾ ಫಸ್ಟ್ ಕ್ಲಾಸು. ಡ್ರಾಯಿಂಗ್ ನೋಡಿ ಅರ್ಥ ಆಗ್ದಿದ್ರೆ ಸಾರ್ ಇದು ಗೊತ್ತಾಗ್ಲಿಲ್ಲ ಅಂತ ಬಾಯ್ಬಿಟ್ಟು ಹೇಳೋ ಹುಡುಗ ಸಿಗೋದೇ ಕಷ್ಟ, ಯಾಕಂದ್ರೆ ಸ್ಕೂಲಲ್ಲಿ ಗೊತ್ತಿಲ್ಲ ಅಂದ್ರೆ ಬೈಸ್ಕೊಂಡಿರ್ತಾನಲ್ಲ.

ನಿವೃತ್ತ ಲೆಕ್ಕದ ಮೇಷ್ಟ್ರು

ತಾಯಿ, ಮೊದಲು ಆ ಆರು ಕಾಲಂ ಶೀಟ್ ಪಕ್ಕಕ್ಕಿಡು. 31 ವರ್ಷ ಪಾಠ ಮಾಡಿದೋನು ಹೇಳ್ತಿದ್ದೀನಿ, ಮಗೂಗೆ ಟೀಮ್‌ವರ್ಕ್ ಐದಕ್ಕೆ ಮೂರು ಅಂದ್ರೆ ಏನರ್ಥ, ನಂಗಂತೂ ಗೊತ್ತಾಗಲ್ಲ.

ನಾನು ಮಾಡ್ತಿದ್ದಿದ್ದು ಇಷ್ಟೇ. ಹತ್ತನೇ ಕ್ಲಾಸ್ ಸಂಖ್ಯಾಶಾಸ್ತ್ರ ಬಂದಾಗ ನಾಲ್ಕು ನಾಲ್ಕು ಜನರನ್ನ ನವರಂಗ್ ಸರ್ಕಲ್ ಬಸ್ ಸ್ಟಾಪಿಗೆ ಕಳಿಸ್ತಿದ್ದೆ. ಒಂದು ಗಂಟೆ ನಿಂತು ಯಾವ ಬಸ್ಸು ಎಷ್ಟು ನಿಮಿಷಕ್ಕೆ ಬಂತು ಅಂತ ಬರ್ಕೊಂಡು ಬರೋದು, ಅದರ ಮೇಲೆ ಸರಾಸರಿ, ಮಧ್ಯಾಂಕ ಎಲ್ಲಾ ತೆಗೆಯೋದು. ಮಾರನೇ ದಿನ ಗುಂಪಲ್ಲಿ ಯಾರನ್ನ ಎಬ್ಬಿಸ್ತೀನಿ ಅಂತ ಹೇಳ್ತಿರಲಿಲ್ಲ, ಒಬ್ಬರನ್ನ ಎಬ್ಬಿಸಿ ಕೇಳೋದು, ಅವರು ಹೇಳಿದ್ದೇ ನಾಲ್ಕೂ ಜನಕ್ಕೆ ಮಾರ್ಕ್ಸ್. ಆಗ ನೋಡ್ಬೇಕು, ಜಾಣ ಮಕ್ಕಳು ಊಟದ ಬ್ರೇಕಲ್ಲಿ ಹಿಂದಿನ ಬೆಂಚಿನೋರಿಗೆ ಪಾಠ ಹೇಳ್ಕೊಡೋರು. ಒಂದು ಗುಂಪಲ್ಲಿ ಆವೃತ್ತಿ ಕೂಡಿದ್ರೆ ಮೊತ್ತ ತಾಳೆನೇ ಆಗ್ತಿರ್ಲಿಲ್ಲ. ಬಾಯೇ ಬಿಡದ ಒಂದು ಹೆಣ್ಣುಮಗು, ಅಣ್ಣ ಎರಡು ಬಸ್ ಒಟ್ಟಿಗೇ ಬಂದಾಗ ನೀನು ಒಂದೇ ಗೆರೆ ಎಳ್ದೆ ಅಂತ ತೋರಿಸ್ತು. ಆ ಮಗೂನ ನಿಮ್ಮ ಶೀಟಲ್ಲಿ ಯಾವ ಕಾಲಮಿಗೆ ಹಾಕ್ತೀಯಮ್ಮ?

ಲೆಕ್ಕಕ್ಕೆ ಮಾರ್ಕ್ಸ್ ಹಾಕು. ಮಿಕ್ಕಿದ್ದನ್ನ ಒಂದು ನೋಟ್‌ಬುಕ್ಕಲ್ಲಿ ದಿನಕ್ಕೆ ಇಬ್ರು ಮಕ್ಕಳ ಬಗ್ಗೆ ಒಂದೊಂದು ಸಾಲು ಬರಿ. 52 ಜನ ಒಂದು ತಿಂಗಳಲ್ಲಿ ಮುಗೀತಾರೆ.

ಚಾಕ್‌ಪೀಸ್ ಮೇಡಂ

ಮೇಷ್ಟ್ರೇ ತುಂಬಾ ಥ್ಯಾಂಕ್ಸ್, ಆ ಯಾರನ್ನ ಬೇಕಾದ್ರೂ ಎಬ್ಬಿಸೋ ಐಡಿಯಾ ನಾನು ಕದ್ದೆ. ವಿದ್ಯುತ್ ಪಾಠ ಶುರು ಮಾಡೋದಿದೆ, ಮನೆಯಿಂದ ಬೆಸ್ಕಾಂ ಬಿಲ್ ತರಿಸ್ತೀನಿ. ಗೃಹಜ್ಯೋತಿಯಿಂದ ಎಷ್ಟೋ ಮನೇಲಿ ಕಟ್ಟೋ ದುಡ್ಡು ಸೊನ್ನೆ, ಆದ್ರೂ ಯೂನಿಟ್ ಇರುತ್ತಲ್ಲ. ಮನೇಲಿರೋ ಫ್ಯಾನು, ಮಿಕ್ಸಿ, ಗೀಸರ್ ವ್ಯಾಟ್ ನೋಡ್ಕೊಂಡು ಲೆಕ್ಕ ಹಾಕಿ ಬಿಲ್ಲಿಗೆ ತಾಳೆ ಮಾಡ್ಲಿ, ಆಗ್ಲಿಲ್ಲ ಅಂದ್ರೆ ಯಾಕೆ ಆಗ್ಲಿಲ್ಲ ಅಂತ ಗುಂಪೇ ಹೇಳ್ಲಿ. ಇದು ಅಂಗಡೀಲಿ ಸಿಗಲ್ಲ. ಶೀಟಿನ ವಿಷ್ಯ ಹೆಡ್ ಮೇಡಂ ಹತ್ರ ಮಾತಾಡ್ಬೇಕು, ಒಪ್ತಾರೋ ಇಲ್ವೋ ನೋಡೋಣ.

ಸೆಕೆಂಡ್ ಪಿಯು ಕಾಮರ್ಸ್

ಮೇಡಂ ಒಂದೇ ರಿಕ್ವೆಸ್ಟ್, ಗ್ರೂಪ್ ಮಾತ್ರ ರೋಲ್ ನಂಬರ್ ಪ್ರಕಾರ ಮಾಡ್ಬೇಡಿ. ನಂದು ಹೆಸ್ರು ಎ ಇಂದ ಶುರು, ಎಂಟು ಒಂಬತ್ತು ಹತ್ತು ಮೂರೂ ವರ್ಷ ಅದೇ ಮೂರು ಹುಡುಗ್ರ ಜೊತೆ ಹಾಕಿದ್ರು, ಎಲ್ಲಾ ಚಾರ್ಟೂ ನಾನೊಬ್ಳೇ ಬರ್ದಿದ್ದು 😭 ಟೀಮ್‌ವರ್ಕ್‌ಗೆ ಅವ್ರಿಗೂ ಎ ಪ್ಲಸ್ಸೇ.