ವಿ-ಕ್ರಾಸ್ 2.5ಗೆ ಟ್ಯೂನ್ ಮಾಡಿಸಬೇಕು: ಬಾಕ್ಸಾ, ರೀಮ್ಯಾಪಾ?

ಮೂಡಿಗೆರೆ_ತೋಟ

ಎಲ್ಲರಿಗೂ ನಮಸ್ಕಾರ. ನನ್ನದು 2017ರ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್ ಗಾಡಿ, 2.5 ಲೀಟರ್ ಡೀಸೆಲ್, 5 ಗೇರ್ ಮ್ಯಾನುಯಲ್, ಬಿಎಸ್4. ಇವತ್ತಿಗೆ 1,18,000 ಕಿ.ಮೀ. ಓಡಿದೆ. ಮೂಡಿಗೆರೆ ಹತ್ತಿರ ಕಾಫಿ ತೋಟ, ಗಾಡಿ ತಗೊಂಡಿದ್ದೇ ತೋಟದ ಕೆಲಸಕ್ಕೆ. ಗೊಬ್ಬರ, ಪೈಪು, ಒಮ್ಮೊಮ್ಮೆ ರಿಪೇರಿಗೆ ಹೋದ ಪಂಪ್‌ಸೆಟ್ಟು, ಇಷ್ಟೇ ಲೋಡು. ತಿಂಗಳಿಗೆ ಎರಡು ಮೂರು ಸಲ ಉಜಿರೆ, ಮಂಗಳೂರು ಅಂತ ಚಾರ್ಮಾಡಿ ಘಾಟಿ ಇಳಿದು ಹತ್ತುತ್ತೇನೆ.

ತೊಂದರೆ ಬರುವುದು ಹತ್ತುವಾಗಲೇ. ತಿರುವಿನಲ್ಲಿ 2ನೇ ಗೇರಿಗೆ ಇಳಿಸಿ, ತಿರುಗಿಸಿ, ನೇರ ಆದ ಮೇಲೆ 3ಕ್ಕೆ ಹಾಕಿದರೆ ಗಾಡಿ ಉಸಿರು ಬಿಟ್ಟ ಹಾಗೆ ಸುಮ್ನೆ ನಿಂತುಬಿಡುತ್ತದೆ. 1,800 ಆರ್‌ಪಿಎಂ ಕೆಳಗೆ ಎಳೆತವೇ ಇಲ್ಲ. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿರುತ್ತದೆ, ಮತ್ತೆ 2ಕ್ಕೆ ಇಳಿಸಿ ಕೂಗಿಸಿಕೊಂಡೇ ಹೋಗಬೇಕು. ಹೋದ ಮಳೆಗಾಲದಿಂದ ಇದು ಸ್ವಲ್ಪ ಜಾಸ್ತಿ ಆಗಿದೆ ಅನ್ನಿಸುತ್ತದೆ.

ಬೆಂಗಳೂರಿನಲ್ಲಿ ಇಬ್ಬರನ್ನು ವಿಚಾರಿಸಿದೆ. ಒಬ್ಬರು ಟ್ಯೂನಿಂಗ್ ಬಾಕ್ಸ್ ಹಾಕಿಸಿ, ಅರ್ಧ ಗಂಟೆಯ ಕೆಲಸ, ಬೇಡ ಅನ್ನಿಸಿದರೆ ಕಿತ್ತಿಡಬಹುದು ಅಂದರು. ಇನ್ನೊಬ್ಬರು ಇಸಿಯು ರೀಮ್ಯಾಪ್, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಫೈಲನ್ನೇ ಬದಲಿಸುವುದು, ಸ್ಟೇಜ್ 1, 134 ಇರುವ ಪವರ್ 165 ಆಗುತ್ತದೆ, 320 ಎನ್‌ಎಂ ಟಾರ್ಕ್ 400 ಆಗುತ್ತದೆ ಅಂದರು. ನಮ್ಮ ಭಾವ ಅದೆಲ್ಲ ಬೇಡ, ಪೆಡಲ್ ಬಾಕ್ಸ್ ಸಾಕು ಅನ್ನುತ್ತಾರೆ. ನನಗೆ ಹೈವೇಯಲ್ಲಿ ಸ್ಪೀಡು ಬೇಡ, ಏರಿನಲ್ಲಿ ಎಳೆಯಬೇಕು, ಇನ್ನೊಂದು ಲಕ್ಷ ಕಿ.ಮೀ. ಎಂಜಿನ್ ಬಾಳಬೇಕು. ಇದೇ ಗಾಡಿಗೆ ಮಾಡಿಸಿದವರು ಇದ್ದರೆ ದಯವಿಟ್ಟು ಹೇಳಿ.

ಹಾಸನದ_ಹುಡುಗ

ಅಣ್ಣ, ನಾನು ಎರಡೂ ಹಾಕಿಸಿದ್ದೇನೆ, ಮೊದಲು ಬಾಕ್ಸು, ಆಮೇಲೆ ರೀಮ್ಯಾಪ್. ಎಂಜಿನ್ ನಿಮ್ಮದೇ 2.5, 2018ರದ್ದು.

ಬಾಕ್ಸ್ ಏನು ಮಾಡುತ್ತದೆ ಅಂತ ಹಾಕಿಸುವಾಗ ನನಗೆ ಯಾರೂ ಬಿಡಿಸಿ ಹೇಳಲಿಲ್ಲ. ಇಂಜೆಕ್ಟರುಗಳಿಗೆ ಒತ್ತಡದಲ್ಲಿ ಡೀಸೆಲ್ ಕೊಡುವ ಪೈಪಿಗೆ ಕಾಮನ್ ರೈಲ್ ಅನ್ನುತ್ತಾರೆ, ಅದರ ಪ್ರೆಶರ್ ಸೆನ್ಸರ್ ಮತ್ತು ಇಸಿಯು ನಡುವೆ ಬಾಕ್ಸ್ ಕೂರುತ್ತದೆ. ರೈಲಿನಲ್ಲಿ ನಿಜವಾಗಿ ಇರುವ ಪ್ರೆಶರನ್ನು ಕಡಿಮೆ ಅಂತ ಇಸಿಯುಗೆ ಸುಳ್ಳು ಹೇಳುತ್ತದೆ. ಇಸಿಯು ಅದನ್ನು ನಂಬಿ ಪ್ರೆಶರ್ ಏರಿಸುತ್ತದೆ, ಇಂಜೆಕ್ಟರ್ ಅಷ್ಟೇ ಹೊತ್ತು ತೆರೆದರೂ ಡೀಸೆಲ್ ಜಾಸ್ತಿ ಬೀಳುತ್ತದೆ. ಆದರೆ ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊಗೆ ಯಾರೂ ಏನೂ ಹೇಳಿಲ್ಲ, ಗಾಳಿ ಮೊದಲಿದ್ದಷ್ಟೇ. ಡೀಸೆಲ್ ಜಾಸ್ತಿ, ಗಾಳಿ ಅಷ್ಟೇ ಅಂದರೆ ಏನಾಗುತ್ತದೆ? ಕಪ್ಪು ಹೊಗೆ, ಬಿಸಿ. ನನ್ನ ಬಿಳಿ ಗಾಡಿಯ ಹಿಂದಿನ ಬಾಗಿಲು ಎರಡೇ ವಾರದಲ್ಲಿ ಬೂದು ಬಣ್ಣಕ್ಕೆ ತಿರುಗಿತ್ತು, ಬೆರಳಲ್ಲಿ ಎಳೆದರೆ ಗೆರೆ ಬೀಳುತ್ತಿತ್ತು. ಮೈಲೇಜಿನದೂ ಅದೇ ಕಥೆ. ಮೀಟರಿನಲ್ಲಿ 13 ತೋರಿಸುತ್ತಿತ್ತು, ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದರೆ 11 ಚಿಲ್ಲರೆ. ಯಾಕೆಂದರೆ ಇಸಿಯುಗೆ ತಾನು ಎಷ್ಟು ಡೀಸೆಲ್ ಹಾಕುತ್ತಿದ್ದೇನೆ ಅನ್ನುವುದೇ ಗೊತ್ತಿಲ್ಲ. ಪಿಕಪ್ ಬಂದಿತ್ತು, ಅದನ್ನು ಇಲ್ಲ ಅನ್ನುವುದಿಲ್ಲ.

ನಾಲ್ಕನೇ ತಿಂಗಳು ಶಿರಾಡಿ ಘಾಟಿಯಲ್ಲಿ ಗುಂಡ್ಯ ದಾಟಿ ಮಾರನಹಳ್ಳಿ ಕಡೆ ಹತ್ತುತ್ತಿದ್ದೆ, 4ನೇ ಗೇರು, ಪೂರ್ತಿ ಒತ್ತಿದೆ. ಆರ್‌ಪಿಎಂ ಮುಳ್ಳು 2,000ದಿಂದ ಸರ್ರನೆ 2,800ಕ್ಕೆ ಹೋಯಿತು, ಗಾಡಿ ಮಾತ್ರ ಅದೇ ಸ್ಪೀಡಿನಲ್ಲಿತ್ತು. ಆಮೇಲೆ ಆ ಸುಟ್ಟ ವಾಸನೆ. ಕ್ಲಚ್ ಜಾರಿತ್ತು. ಮೊದಲೇ ಅರ್ಧ ಸವೆದ ಕ್ಲಚ್, ಅದರ ಮೇಲೆ ಜಾಸ್ತಿ ಟಾರ್ಕ್ ಹೇರಿದರೆ ಅದು ತಾನೇ ಎಷ್ಟು ತಡೆಯುತ್ತದೆ.

ಬಾಕ್ಸ್ ಕಿತ್ತೆ, ಕ್ಲಚ್ ಬದಲಿಸಿದೆ, ಒಂದು ವರ್ಷ ಬಿಟ್ಟು ರೀಮ್ಯಾಪ್ ಮಾಡಿಸಿದೆ. ಡೀಸೆಲ್, ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ), ಇಂಜೆಕ್ಷನ್ ಟೈಮಿಂಗ್, ಹೊಗೆಯ ಮಿತಿ, ಟಾರ್ಕ್ ಮಿತಿ ಎಲ್ಲವನ್ನೂ ಒಂದಕ್ಕೊಂದು ಹೊಂದಿಸಿ ಬದಲಿಸುತ್ತಾರೆ. ಈಗ 40,000 ಕಿ.ಮೀ. ಆಯಿತು, ಹೊಗೆ ಇಲ್ಲ. ನಿಮಗೂ ರೀಮ್ಯಾಪೇ ಸರಿ ಅನ್ನುತ್ತೇನೆ.

ಡೀಸೆಲ್_ಪಂಪ್_ಹುಬ್ಬಳ್ಳಿ

ಮೂಡಿಗೆರೆಯವರೇ, ನಾನು ಡೀಸೆಲ್ ಪಂಪ್, ಇಂಜೆಕ್ಟರ್ ಕೆಲಸದಾಗೇ ಇರೋನು. ನಿಮ್ಮ ಬರಹದಾಗ ಒಂದು ಸಾಲು ಐತಿ, ಅದನ್ನು ಬರೆದು ನೀವು ಹಾಗೇ ಮುಂದೆ ಹೋಗೀರಿ. ಹೋದ ಮಳೆಗಾಲದಿಂದ ಜಾಸ್ತಿ ಆಗಿದೆ ಅಂದಿದ್ದೀರಲ್ಲ, ಅದನ್ನೇ ಹಿಡೀರಿ.

ಕಂಪನಿ ಈ ಎಂಜಿನ್ನಿಗೆ 320 ಎನ್‌ಎಂ ಕೊಟ್ಟಿರೋದು 1,800ರಿಂದ 2,800 ಆರ್‌ಪಿಎಂ ನಡುವೆ. 1,800ರ ಕೆಳಗೆ ಸ್ವಲ್ಪ ಮಂದ ಇರೋದು ಅದರ ಗುಣ, ಮೊದಲ ದಿನದಿಂದ ಇರತದ. ಆದರೆ ಗುಣ ಅನ್ನೋದು ಒಂದು ಮಳೆಗಾಲದಿಂದ ಇನ್ನೊಂದಕ್ಕೆ ಹೆಚ್ಚಾಗೋದಿಲ್ಲ. ಹೆಚ್ಚಾಗೇತಿ ಅಂದರೆ ಎಲ್ಲೋ ಏನೋ ಕೆಟ್ಟೇತಿ. ಅದನ್ನು ಬಿಟ್ಟು ಅದರ ಮೇಲೆ ಟ್ಯೂನ್ ಕೂರಿಸಿದರೆ ಏನಾಗತದ ನೋಡ್ರಿ: ಗಾಳಿ ಎಲ್ಲೋ ಸೋರುತಿರತದ, ಹೊಸ ಫೈಲ್ ಇನ್ನೂ ಜಾಸ್ತಿ ಬೂಸ್ಟ್ ಕೇಳತದ, ಟರ್ಬೊ ಆ ಸೋರಿಕೆ ತುಂಬಿಸಲಿಕ್ಕೆ ತನ್ನ ಶಕ್ತಿ ಮೀರಿ ತಿರಗತದ. ಅಂಥ ಟರ್ಬೊ ನನ್ನ ಬೆಂಚಿಗೆ ಎಷ್ಟೋ ಬಂದಾವ. ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಟಕಟಕ ಅಂತಾವ, ಹೌಸಿಂಗ್ ಒಳಗೆ ರೆಕ್ಕೆ ಉಜ್ಜಿದ ಗುರುತು ಹೊಳೀತಿರತದ.

ಮೊದಲು ಟರ್ಬೊ ಗಾಳಿ ತಂಪು ಮಾಡೋ ಇಂಟರ್‌ಕೂಲರಿನ ಪೈಪುಗಳನ್ನು ಕೈಯಿಂದ ಮುಟ್ಟಿ ನೋಡ್ರಿ. ಬರೇ ಕಣ್ಣಿಂದ ನೋಡಿದರೆ ಸಾಲದು, ಪೈಪು ಸೀಳೋದು ಹೆಚ್ಚಾಗಿ ಕೆಳಗಿನ ಬದಿ. ಎಲ್ಲಿ ಹೊರಗಡೆ ಎಣ್ಣೆ ಹಸಿ ಮತ್ತು ಧೂಳು ಸೇರಿ ಕಪ್ಪಗೆ ಮೆತ್ತಿಕೊಂಡೇತೋ ಅಲ್ಲೇ ಸೋರಿಕೆ. ಸೋಪಿನ ನೀರು ಹಚ್ಚಿ ಹಗೂರಕ ಗಾಳಿ ತುಂಬಿದರೆ ಗುಳ್ಳೆ ಬರತಾವ. ಆಮೇಲೆ ಹೊಗೆ ಸ್ವಲ್ಪ ವಾಪಸ್ ಎಂಜಿನ್ನಿಗೆ ಕಳಿಸೋ ಇಜಿಆರ್ ವಾಲ್ವ್ ಮತ್ತು ಇನ್‌ಟೇಕಿನಾಗ ಕೂತ ಕರಿ, ಗಾಳಿ ಅಳೆಯೋ ಮಾಸ್ ಏರ್ ಫ್ಲೋ ಸೆನ್ಸರ್, ಡೀಸೆಲ್ ಫಿಲ್ಟರ್. ಇಂಜೆಕ್ಟರಿಗೆ ಲೀಕ್-ಆಫ್ ಟೆಸ್ಟ್ ಮಾಡಿಸ್ರಿ, ನಾಲ್ಕು ಬಾಟಲಿ ಇಟ್ಟು ಯಾವುದು ಎಷ್ಟು ವಾಪಸ್ ಬಿಡತದ ಅಂತ ನೋಡೋದು, ಒಂದು ಜಾಸ್ತಿ ಬಿಟ್ಟರೆ ಅದು ಸವೆದೈತಿ.

ಸ್ಕ್ಯಾನರ್ ಇಲ್ಲದಿದ್ದರೆ ಇಸಿಯು ಲೆಕ್ಕ ಫೋನಿನಾಗ ತೋರಿಸೋ ಸಣ್ಣ ಓಬಿಡಿ ಅಡಾಪ್ಟರ್ ಸಾಕು. 3ನೇ ಗೇರಿನಾಗ 2,000ದ ಹತ್ತಿರ ಪೂರ್ತಿ ಒತ್ತಿ, ಇಸಿಯು ಕೇಳೋ ಬೂಸ್ಟ್ ಎಷ್ಟು, ಬರೋ ಬೂಸ್ಟ್ ಎಷ್ಟು ನೋಡ್ರಿ. ಮೊಬೈಲ್ ಬಾಜು ಕೂತವರ ಕೈಯಾಗ ಕೊಡ್ರಿ, ನೀವು ರಸ್ತೆ ನೋಡ್ರಿ. ಎರಡರ ನಡುವೆ ದೊಡ್ಡ ಅಂತರ ಇದ್ದರೆ ಟ್ಯೂನಿನ ಮಾತೇ ಈಗ ಬೇಡ. ಮೊದಲು ಕಂಪನಿ ಕೊಟ್ಟಿದ್ದನ್ನು ವಾಪಸ್ ತಗೋರಿ.

ಡಲ್ಲಾಸ್_ಕನ್ನಡಿಗ

ಮೇಲಿನವರ ಮಾತಿಗೆ ಇಲ್ಲಿಂದ ಒಂದು ವಿಷಯ ಸೇರಿಸುತ್ತೇನೆ. ನನ್ನದು ಫೋರ್ಡ್ ಎಫ್-150, 3.5 ಇಕೋಬೂಸ್ಟ್ ಪೆಟ್ರೋಲ್, ಟ್ರೈಲರ್ ಎಳೆಯುತ್ತೇನೆ. ಇಲ್ಲಿ ಟ್ಯೂನ್ ಕೊಳ್ಳಲು ಹೋದರೆ ಮೊದಲು ಕೇಳುವುದು ಎಷ್ಟು ಪವರ್ ಬೇಕು ಅಂತ ಅಲ್ಲ. ಗಾಡಿಯಲ್ಲಿ ಏನು ಕೆಲಸ, ಯಾವ ಪೆಟ್ರೋಲ್ ಹಾಕುತ್ತೀರಿ ಅಂತ. 93 ಆಕ್ಟೇನಿಗೆ ಬರೆದ ಫೈಲ್ ಇಟ್ಟುಕೊಂಡು ಸಾಮಾನ್ಯ 87 ಹಾಕಿದರೆ ನಾಕಿಂಗ್ (ಒಳಗೆ ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಸಿಡಿಯುವುದು) ಶುರುವಾಗುತ್ತದೆ, ಎಂಜಿನ್ ತನ್ನನ್ನು ಕಾಪಾಡಿಕೊಳ್ಳಲು ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ, ಕೊಟ್ಟ ದುಡ್ಡು ಅಲ್ಲಿಗೇ ಹೋಯಿತು. ನಿಮ್ಮದು ಡೀಸೆಲ್, ಆ ತಲೆನೋವು ಇಲ್ಲ. ಆದರೆ ಕೆಲಸದ ಪ್ರಶ್ನೆ ನಿಮಗೂ ಅನ್ವಯಿಸುತ್ತದೆ. ಲೋಡ್ ಎಳೆಯುವವರಿಗೆ ಇಲ್ಲಿ ಬೇರೆಯೇ ಫೈಲ್ ಕೊಡುತ್ತಾರೆ, ಟೋ ಟ್ಯೂನ್ ಅಂತ. ಅದರಲ್ಲಿ ಮೇಲಿನ ಪವರ್ ಕಡಿಮೆ, ಕೆಳಗಿನ ಎಳೆತ ಚೆನ್ನಾಗಿರುತ್ತದೆ, ತುಂಬ ಹೊತ್ತು ಏರಿದರೂ ಬಿಸಿ ಹತೋಟಿಯಲ್ಲಿ ಇರುತ್ತದೆ.

ಒಂದು ಲೆಕ್ಕ ಹಾಕಿ ನೋಡಿ. 2,000 ಆರ್‌ಪಿಎಂನಲ್ಲಿ 320 ಎನ್‌ಎಂ ಅಂದರೆ ಸುಮಾರು 91 ಕುದುರೆ ಶಕ್ತಿ. ಅಲ್ಲೇ 380 ಸಿಕ್ಕಿದರೆ 108. ನಿಮ್ಮ ಘಾಟಿಯಲ್ಲಿ ಕೆಲಸಕ್ಕೆ ಬರುವುದು ಈ 17. ಅವರು ಹೇಳಿದ 165 ಬರುವುದು 3,600 ಆರ್‌ಪಿಎಂ ಹತ್ತಿರ, ಲೋಡ್ ಹಾಕಿಕೊಂಡು ಚಾರ್ಮಾಡಿ ತಿರುವಿನಲ್ಲಿ ನೀವು ಅಲ್ಲಿಗೆ ಹೋಗುವುದೇ ಇಲ್ಲ ಅಲ್ವಾ. ಸ್ಟೇಜ್ 1, ಸ್ಟೇಜ್ 2 ಅನ್ನುವುದಕ್ಕೂ ಎಲ್ಲರಿಗೂ ಒಂದೇ ಆದ ಅಳತೆ ಇಲ್ಲ, ಒಬ್ಬೊಬ್ಬ ಟ್ಯೂನರ್ ಒಂದೊಂದು ಅರ್ಥದಲ್ಲಿ ಹೇಳುತ್ತಾರೆ. ಹಾಗಾಗಿ ಪವರ್ ಅಳೆಯುವ ಯಂತ್ರದ, ಅಂದರೆ ಡೈನೊದ ಗ್ರಾಫ್ ಕೇಳಿ, ನಿಮ್ಮದೇ ಗಾಡಿಯ ಮೊದಲಿನದು ಒಂದು, ಆಮೇಲಿನದು ಒಂದು, ಅದೇ ಡೈನೊ, ಅದೇ ದಿನ.

ಯಾರಾದರೂ ಇಜಿಆರ್ ಮುಚ್ಚಿಬಿಡೋಣ ಅಂದರೆ ಒಪ್ಪಬೇಡಿ. ಇಲ್ಲಿ ಹಾಗೆ ಹೊಗೆ ನಿಯಂತ್ರಣ ತೆಗೆಸುವ ಟ್ಯೂನ್ ಮಾರುವವರ ಮೇಲೆ ಅಮೆರಿಕದ ಪರಿಸರ ಸಂಸ್ಥೆ ಇಪಿಎ 2020ರಿಂದ ಬಿಗಿಯಾಗಿ ಕ್ರಮ ತಗೊಂಡಿತು, ಎಷ್ಟೋ ಅಂಗಡಿಗಳು ಆ ವ್ಯಾಪಾರವನ್ನೇ ಬಿಟ್ಟವು.

ಕಾಡುದಾರಿ

ಪೆಡಲ್ ಬಾಕ್ಸ್ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಹೈಲಕ್ಸಿನಲ್ಲಿ ಇದೆ. ಅದು ಎಂಜಿನ್ನಿಗೆ ಏನೂ ಮಾಡುವುದಿಲ್ಲ. ನೀವು ಪೆಡಲನ್ನು ಕಾಲು ಭಾಗ ಒತ್ತಿದರೆ ಅರ್ಧ ಒತ್ತಿದ್ದಾರೆ ಅಂತ ಇಸಿಯುಗೆ ಹೇಳುತ್ತದೆ, ಅಷ್ಟೇ. ಪೇಟೆಯಲ್ಲಿ ಗಾಡಿ ಚುರುಕು ಅನ್ನಿಸುತ್ತದೆ. ಘಾಟಿಯಲ್ಲಿ ಹೇಗೂ ಪೂರ್ತಿ ಒತ್ತಿರುತ್ತೀರಿ, ಪೂರ್ತಿಗಿಂತ ಜಾಸ್ತಿ ಅಂತ ಇಲ್ಲವಲ್ಲ. ನಿಮ್ಮ ಕೆಲಸಕ್ಕೆ ಅದು ಆಗುವುದಿಲ್ಲ.

ಇನ್ನೊಂದು, ಕಾಗದದ ವಿಷಯ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿ ಇರುವ ವಿವರ ಕಂಪನಿ ಮೊದಲು ಕೊಟ್ಟದ್ದಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವ ಹಾಗಿಲ್ಲ. ಟ್ಯೂನ್ ಕಣ್ಣಿಗೆ ಕಾಣುವುದಿಲ್ಲ ಅಂತ ಧೈರ್ಯ ಹೇಳುವವರು ಇದ್ದಾರೆ, ಅಪಘಾತ ಆದ ಮೇಲೆ ವಿಮೆಯವರ ಮುಂದೆ ನಿಲ್ಲಬೇಕಾದವರು ನೀವು. ಮೊದಲೇ ವಿಚಾರಿಸಿ, ಬರಹದಲ್ಲಿ ಉತ್ತರ ತಗೊಳ್ಳಿ. ಎಮಿಷನ್ ಟೆಸ್ಟಿನ ಚೀಟಿಯನ್ನೂ ಟ್ಯೂನಿಗೆ ಮುಂಚೆ ಒಂದು, ಆಮೇಲೆ ಒಂದು ಮಾಡಿಸಿ. ಬಿಎಸ್4 ಡೀಸೆಲ್ ಗಾಡಿಗೆ, ಹೊಗೆ ಎಷ್ಟು ಕಪ್ಪು ಅನ್ನುವ ಅಳತೆಯ ಮಿತಿ 1.62. ಅದನ್ನು ದಾಟಿದರೆ ಟ್ಯೂನ್ ಸರಿ ಇಲ್ಲ ಅಂತಲೇ ಲೆಕ್ಕ. ಹಾಗೇ ಆರ್‌ಸಿಯಲ್ಲಿ ಗಾಡಿ ಹೊರಬಹುದಾದ ತೂಕವನ್ನೂ ಒಮ್ಮೆ ನೋಡಿಕೊಳ್ಳಿ. ಟ್ಯೂನ್ ಮಾಡಿಸಿದರೆ ಎಳೆಯುವ ಶಕ್ತಿ ಹೆಚ್ಚಬಹುದು, ಬ್ರೇಕು, ಪಾಟಾ (ಸ್ಪ್ರಿಂಗ್ ಪಟ್ಟಿ) ಮೊದಲಿದ್ದವೇ. ಭಾರ ಹೊರಬೇಕಾದದ್ದು ಆ ಪಾಟಾ, ಇಳಿಯುವಾಗ ನಿಲ್ಲಿಸಬೇಕಾದದ್ದು ಆ ಬ್ರೇಕು.

ಮೂಡಿಗೆರೆ_ತೋಟ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಎರಡು ವಾರ ತಡವಾಗಿ ಬರೆಯುತ್ತಿದ್ದೇನೆ, ತೋಟದಲ್ಲಿ ಕಸಿ ಕೆಲಸ ಇತ್ತು.

ಹುಬ್ಬಳ್ಳಿಯವರು ಹೇಳಿದ ಹಾಗೆ ಅಡಾಪ್ಟರ್ ತರಿಸಿದೆ. ಮಗಳನ್ನು ಪಕ್ಕ ಕೂರಿಸಿಕೊಂಡು ಕೊಟ್ಟಿಗೆಹಾರದ ಕಡೆ ಒಂದು ಸುತ್ತು ಹೋದೆ. ಅವಳು ಜೋರಾಗಿ ಓದುತ್ತಾ ಬಂದಳು, ಕೇಳುವುದು 220, ಬರುವುದು 175, ಮತ್ತೆ 220, ಮತ್ತೆ 175. ಮನೆಗೆ ಬಂದು ಕೆಳಗೆ ಗೋಣಿ ಹಾಸಿ ಮಲಗಿ, ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ಪೈಪಿನ ಬೆಂಡಿನ ಕೆಳಗೆ ಕೈ ಹಾಕಿದೆ. ಮೇಲಿಂದ ನೋಡಿದರೆ ಹೊಸದರ ಹಾಗೆ ಇತ್ತು. ಕೆಳಗೆ ಎಣ್ಣೆ, ಕೆಸರು ಸೇರಿ ಬೆಲ್ಲದ ಪಾಕದ ಹಾಗೆ ಅಂಟು. ಒರೆಸಿದರೆ ಕ್ಲಿಪ್ಪಿನ ಪಕ್ಕದಲ್ಲೇ ಎರಡು ಇಂಚು ಉದ್ದದ ಸೀಳು, ಬೆರಳಿನ ತುದಿ ಒಳಗೆ ಹೋಯಿತು.

ಹೊಸ ಪೈಪ್ ಬರಲು ನಾಲ್ಕು ದಿನ ಆಯಿತು. ಎರಡೂ ಕಡೆ ಹೊಸ ಕ್ಲಿಪ್ ಹಾಕಿಸಿದೆ, ಏರ್ ಸೆನ್ಸರ್ ಕ್ಲೀನ್ ಮಾಡಿಸಿದೆ, ಇಜಿಆರ್ ಬಿಚ್ಚಿಸಿ ಕರಿ ತೆಗೆಸಿದೆ. ಹೋದ ಶನಿವಾರ ಉಜಿರೆಯಿಂದ ನಾಲ್ಕು ಮೂಟೆ ಯೂರಿಯಾ ಹಾಕಿಕೊಂಡು, ಅಂದರೆ 180 ಕೆ.ಜಿ., ಚಾರ್ಮಾಡಿ ಹತ್ತಿದೆ. ಮೊದಲು 2ಕ್ಕೆ ಇಳಿಸುತ್ತಿದ್ದ ಸುಮಾರು ಏರುಗಳಲ್ಲಿ 3ರಲ್ಲೇ ಬಂತು. ಮಲಯ ಮಾರುತ ಅತಿಥಿಗೃಹದ ಹತ್ತಿರ ಗಾಡಿ ನಿಲ್ಲಿಸಿ ಒಂದೈದು ನಿಮಿಷ ಸುಮ್ನೆ ನಿಂತೆ, ಅಷ್ಟು ಖುಷಿ ಆಗಿತ್ತು. ತಗೊಂಡಾಗ ಈ ಗಾಡಿ ಹೀಗೇ ಎಳೆಯುತ್ತಿತ್ತು, ನನಗೇ ಮರೆತು ಹೋಗಿತ್ತು.

ಟ್ಯೂನ್ ಆಸೆ ಪೂರ್ತಿ ಬಿಟ್ಟಿಲ್ಲ. ರೀಮ್ಯಾಪ್ ಅಂದವರಿಗೆ ಮತ್ತೆ ಫೋನ್ ಮಾಡಿ ಟಾರ್ಕ್ 370ಕ್ಕೆ ನಿಲ್ಲಿಸಿ, ಮೇಲಿನ ಪವರ್ ಮುಟ್ಟಬೇಡಿ, ಮೂಲ ಫೈಲಿನ ಒಂದು ಪ್ರತಿ ನನ್ನ ಕೈಗೆ ಕೊಡಿ, ಡೈನೊ ಎರಡು ಸಲ ಮಾಡಿ ಅಂದೆ. ಒಪ್ಪಿದ್ದಾರೆ, ಕ್ಲಚ್ ನೋಡದೆ ಶುರು ಮಾಡುವುದಿಲ್ಲ ಅಂತ ಅವರೇ ಹೇಳಿದ್ದು ನನಗೆ ಹಿಡಿಸಿತು. ಕ್ಲಚ್ ಇನ್ನೂ ಮೊದಲಿನದೇ. ವಿಮೆಯವರಿಗೆ ಮೇಲ್ ಹಾಕಿದ್ದೇನೆ, ಅವರ ಉತ್ತರ ಬಂದ ಮೇಲೆ, ಕಾಫಿ ಕುಯ್ಲು ಮುಗಿದ ಮೇಲೆ ಮಾರ್ಚಿನಲ್ಲಿ ಕ್ಲಚ್ ಬಿಚ್ಚಿಸುತ್ತೇನೆ. ಗ್ರಾಫ್ ಬಂದರೆ ಇಲ್ಲೇ ಹಾಕುತ್ತೇನೆ.

ಡೀಸೆಲ್_ಪಂಪ್_ಹುಬ್ಬಳ್ಳಿ

ಭಾಳ ಖುಷಿ ಆತು ಸರ್. ಆ ಹಳೇ ಪೈಪಿನ ಒಳಗೆ ಎಣ್ಣೆ ಎಷ್ಟಿತ್ತು? ತೆಳ್ಳಗೆ ಹಸಿ ಇದ್ದರೆ ಚಿಂತಿಲ್ಲ, ಬಗ್ಗಿಸಿದರೆ ಸುರಿಯೋ ಹಂಗ ಇದ್ದರೆ ಮಾರ್ಚಿಗೆ ಮುಂಚೆ ಟರ್ಬೊ ಶಾಫ್ಟ್ ಒಮ್ಮೆ ಅಲ್ಲಾಡಿಸಿ ನೋಡಸ್ರಿ. ಒಂದು ವರ್ಷ ಹರಿದ ಪೈಪಿನ ಜೊತೆ ದುಡಿದೈತಿ ಅದು.